ಎಲೆನಾಳ ಎಡಗೈ

ಹೋದ ವಾರ ಕ್ಲಿನಿಕ್ಕಿನಲ್ಲಿ ಟೇಪಿನ ಹೊಸ ಸುರುಳಿಯೊಂದನ್ನು ಬಿಚ್ಚಿದೆ. ಆಟಗಾರರ ಮಣಿಕಟ್ಟಿಗೆ, ಮೊಣಕಾಲಿಗೆ ಬಿಗಿಯಾಗಿ ಸುತ್ತುವ ಅಗಲದ ಕಂದು ಪಟ್ಟಿ ಅದು. ಅದರ ಅಂಟಿಗೆ ಒಂದು ವಾಸನೆಯಿದೆ. ಹೊಸ ಚಪ್ಪಲಿಯ ಡಬ್ಬಿ ತೆರೆದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ನಿಮಗಾದರೆ ಚಪ್ಪಲಿ ನೆನಪಾದೀತು. ನನಗೆ ಸ್ಪೇನ್ ದೇಶದ ಒಬ್ಬ ಹೆಂಗಸು ನೆನಪಾಗುತ್ತಾಳೆ.

ನಾನು ಮುಂಬಯಿಯ ಮಾಟುಂಗ ಸ್ಟೇಷನ್ನಿನ ಹತ್ತಿರ ಫಿಸಿಯೋಥೆರಪಿ ಮಾಡುವವಳು. ಕೀಲುನೋವಿನವರ ಕೈಕಾಲು ಹಿಡಿದು ವ್ಯಾಯಾಮ ಹೇಳಿಕೊಡುವ ಕೆಲಸ. ಜನ ಡಾಕ್ಟರ್ ಅನ್ನುತ್ತಾರೆ, ನಾನು ತಿದ್ದುವುದಿಲ್ಲ. ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಮನೆಗೆ ಬಂದವರು ಮುಖ ಸಪ್ಪಗೆ ಮಾಡಿಕೊಂಡು ಹೋಗಬಾರದು ಎನ್ನುವುದು ಅವ್ವನ ಕಾನೂನು. ಧಾರವಾಡದಿಂದ ಅವಳು ತಂದ ಸಾಮಾನಿನಲ್ಲಿ ಅದೂ ಒಂದು. ಅಡುಗೆಮನೆಯಲ್ಲಿ ಆ ಕಾನೂನು ಚೆನ್ನ. ನಾನು ಅದನ್ನು ಕ್ಲಿನಿಕ್ಕಿಗೂ ತಂದೆ. "ಆರಾಮ ಆಗ್ತದ, ಹೆದರಬ್ಯಾಡ್ರಿ" ಎಂದು ಹೇಳಿ ಹೇಳಿ ಒಳ್ಳೆಯ ಹೆಸರನ್ನೂ ಸಂಪಾದಿಸಿದ್ದೆ.

ಹನ್ನೆರಡು ವರ್ಷದ ಹಿಂದೆ ಒಂದು ಶುಕ್ರವಾರ ಸಂಜೆ ಸಾಂತಾಕ್ರೂಜಿನ ಹೋಟೆಲೊಂದರ ಮ್ಯಾನೇಜರ್ ಫೋನ್ ಮಾಡಿದರು. ಉಡುಪಿಯವರು. ಅವರ ಸೊಂಟನೋವು ನನ್ನಲ್ಲಿ ವಾಸಿಯಾಗಿತ್ತು.

"ಡಾಕ್ಟ್ರೇ, ನಮ್ಮಲ್ಲಿ ಒಬ್ರು ಗಾಲ್ಫ್ ಆಡುವ ಮೇಡಂ ಇದ್ದಾರೆ, ಸ್ಪೇನಿನವರು. ಕೈನೋವಂತೆ. ಟೂರ್ನಮೆಂಟಿನ ಡಾಕ್ಟ್ರ ಹತ್ರ ಹೋಗ್ಲಿಕ್ಕೆ ಒಪ್ಪುದೇ ಇಲ್ಲ ಮಾರಾಯ್ರೆ. ನೀವೊಮ್ಮೆ ಬಂದು ನೋಡ್ತೀರಾ?"

ಯಾಕೆ ಒಪ್ಪುವುದಿಲ್ಲ ಎಂದು ನಾನು ಕೇಳಬೇಕಿತ್ತು. ಅದರ ಬದಲು ಯಾವ ಸೀರೆ ಉಡಲಿ ಎಂದು ಯೋಚಿಸಿದೆ.

ಎಲೆನಾಗೆ ಆಗ ಮೂವತ್ತನಾಲ್ಕು. ಬಿಸಿಲು ತಿಂದ ಮುಖ, ಮುಚ್ಚುಮರೆಯಿಲ್ಲದ ನಗು, ನನ್ನದರಷ್ಟೇ ಹರಕುಮುರುಕು ಇಂಗ್ಲಿಷ್. ನಾನು ಕೈ ಒತ್ತಿ ನೋಡುತ್ತಿರುವಾಗ ಅವಳು ತನ್ನ ಕಥೆ ಹೇಳಿದಳು. ಅವಳ ತಂದೆ ಸಮುದ್ರದಂಡೆಯ ಸಣ್ಣ ಊರೊಂದರ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದರಂತೆ. ಯಾರೋ ಎಸೆದ ಕೋಲನ್ನು ಅರ್ಧಕ್ಕೆ ಕೊಯ್ದು ಐದು ವರ್ಷದ ಮಗಳ ಕೈಗೆ ಕೊಟ್ಟರು. ಹತ್ತೊಂಬತ್ತಕ್ಕೆ ಆಟವೇ ವೃತ್ತಿಯಾಯಿತು. ಇಪ್ಪತ್ತೆರಡರೊಳಗೆ ಎರಡು ದೊಡ್ಡ ಗೆಲುವು, ಊರಲ್ಲಿ ಮೆರವಣಿಗೆ. ಆಮೇಲೆ ಗೆಲುವು ಬರಲೇ ಇಲ್ಲ.

"ಯಾಕೆ?" ಎಂದು ಕೇಳಿದೆ.

"ನಾನು ಮೊದಲಿನ ಹಾಗೇ ಆಡುತ್ತಿದ್ದೆ. ಉಳಿದವರು ಇನ್ನೂ ಚೆನ್ನಾಗಿ ಆಡತೊಡಗಿದರು" ಎಂದಳು.

ಗಾಲ್ಫ್ ಪಂದ್ಯ ನಾಲ್ಕು ದಿನದ್ದು. ಎರಡು ದಿನ ಆದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ. ಎಷ್ಟೋ ವರ್ಷ ಅವಳ ಶನಿವಾರಗಳು ಪೆಟ್ಟಿಗೆ ಕಟ್ಟುವುದರಲ್ಲೇ ಕಳೆದಿದ್ದವು. ಮುಂಬಯಿಯಲ್ಲಿ ಮಾತ್ರ ಉಳಿದುಕೊಂಡಿದ್ದಳು. ಅದು ಆ ವರ್ಷದ ಕೊನೆಯ ಪಂದ್ಯ. ಮೊದಲ ಹತ್ತರಲ್ಲಿ ಬಂದರೆ ಮುಂದಿನ ವರ್ಷವೂ ಆಡುವ ಹಕ್ಕು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಟೂರ್ನಮೆಂಟಿನ ಡಾಕ್ಟರು ಬೇಡ ಅಂದುಬಿಟ್ಟರೆ ಎಂಬ ಹೆದರಿಕೆ ಅವಳಿಗೆ.

ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗೆ, ಒಂದು ಸಣ್ಣ ಮೂಳೆಯಿದೆ. ಅದಕ್ಕೊಂದು ಕೊಕ್ಕೆ. ಕೋಲಿನ ತುದಿ ಒತ್ತಿ ಒತ್ತಿ ಗಾಲ್ಫ್ ಆಡುವವರಲ್ಲಿ ಆ ಕೊಕ್ಕೆ ಮುರಿಯುವುದುಂಟು. ಮುರಿದದ್ದಕ್ಕೆ ಉಜ್ಜಿ ಉಜ್ಜಿ ಕಿರುಬೆರಳು ಮಡಿಸುವ ಸ್ನಾಯುವಿನ ಹುರಿ ಒಂದು ದಿನ ಕಡಿದುಹೋಗುತ್ತದೆ. ಕಾಲೇಜಿನಲ್ಲಿ ಓದಿದ್ದೆ. ಅವಳ ಎಡಗೈಯ ಆ ಜಾಗ ಒತ್ತಿದೆ. ಎಲೆನಾ ಉಸಿರು ಹಿಡಿದಳು. ನನ್ನ ಹೆಬ್ಬೆರಳಿಗೆ ಗೊತ್ತಾಯಿತು.

"ಬರೀ ಉಳುಕು ತಾನೆ?" ಎಂದು ನನ್ನ ಮುಖವನ್ನೇ ನೋಡಿದಳು.

ಸ್ಕ್ಯಾನ್ ಮಾಡಿಸಿ, ಅಲ್ಲಿಯವರೆಗೆ ಆಡಬೇಡಿ. ಹೇಳಬೇಕಾದದ್ದು ಇಷ್ಟೇ. "ಉಳುಕೇ ಇರಬೇಕು. ಟೇಪ್ ಸುತ್ತುತ್ತೇನೆ, ಎರಡು ದಿನ ತಡೆಯುತ್ತದೆ" ಎಂದೆ. ಅವಳು ನನ್ನನ್ನು ತಬ್ಬಿಕೊಂಡಳು. ಮ್ಯಾನೇಜರು ನಮ್ಮಿಬ್ಬರ ಫೋಟೋ ತೆಗೆದರು.

ಅವಳು ಕೊಟ್ಟ ಪಾಸು ಹಿಡಿದು ಶನಿವಾರ ಅವ್ವನನ್ನೂ ಕರೆದುಕೊಂಡು ಹೋದೆ. ಚೆಂಡು ಮುಗಿಲಿಗೆ ಹಾರಿ ಮಾಯವಾಗುವುದನ್ನು ಕಂಡು ಅವ್ವ, "ಅಯ್ಯ, ನನಗಂತೂ ಕಾಣಸೂದಿಲ್ಲವಾ. ಆಕಿಗೆ ಹೆಂಗ ಸಿಗತದ ಅದು?" ಎಂದಳು. ಎಲೆನಾ ಅಂದು ಹತ್ತು ವರ್ಷದಲ್ಲಿ ಆಡದ ಹಾಗೆ ಆಡಿದಳು. ಸಂಜೆಗೆ ಏಳನೆಯ ಸ್ಥಾನ. ಟೇಪು ಸುತ್ತಿದ ಕೈಯನ್ನು ನಮ್ಮ ಕಡೆ ಎತ್ತಿ ಬೀಸಿದಳು. ಸುತ್ತಲಿನವರು ನನ್ನತ್ತ ತಿರುಗಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಭಾನುವಾರವೂ ಅವ್ವ, ನಾನು ಹೋದೆವು. ಅರ್ಧ ಆಟ ಮುಗಿದ ಸ್ವಲ್ಪ ಹೊತ್ತಿಗೆ, ಕೋಲು ಬೀಸುತ್ತಿದ್ದಂತೆ ಅದು ಅವಳ ಕೈಜಾರಿ ಮುಂದಿನ ಹುಲ್ಲಿನಲ್ಲಿ ಬಿತ್ತು. ಎತ್ತಿಕೊಂಡು ಮತ್ತೆ ಹಿಡಿದಳು. ಕಿರುಬೆರಳು ಮಡಿಯಲಿಲ್ಲ, ಕಡ್ಡಿಯಂತೆ ನೆಟ್ಟಗೆ ನಿಂತಿತ್ತು. ಬೇರೆ ಯಾರದೋ ಬೆರಳು ನೋಡುವಂತೆ ಅದನ್ನು ನೋಡಿದಳು. ಆಟ ಬಿಡಲಿಲ್ಲ. ಉಳಿದ ಬೆರಳುಗಳಲ್ಲೇ ಕೊನೆಯವರೆಗೂ ಆಡಿ ಎಲ್ಲರಿಗಿಂತ ಹಿಂದೆ ಬಂದಳು. ಹೊರಬರುವಾಗ ಅವಳ ಕಣ್ಣು ಜನರ ನಡುವೆ ಯಾರನ್ನೋ ಹುಡುಕುತ್ತಿತ್ತು. ನಾನು ಅವ್ವನ ಕೊಡೆಯ ಹಿಂದೆ ಸರಿದೆ.

ಕೆಲವು ತಿಂಗಳ ಮೇಲೆ ಅವಳ ಮೇಲ್ ಬಂತು. ಆಪರೇಷನ್ ಆಗಿತ್ತು, ಕಿರುಬೆರಳು ಹಿಡಿತಕ್ಕೆ ಬರಲಿಲ್ಲ, ಇನ್ನು ಪಂದ್ಯಗಳಿಲ್ಲ. "ಆ ಶನಿವಾರಕ್ಕಾಗಿ ನಿಮಗೆ ಧನ್ಯವಾದ" ಎಂದು ಬರೆದಿದ್ದಳು. ಬೈದಿದ್ದರೆ ಉತ್ತರ ಬರೆಯುತ್ತಿದ್ದೆನೇನೋ. ಬರೆಯಲಿಲ್ಲ. ಫೋಟೋಗೆ ಮಾತ್ರ ಕಟ್ಟು ಹಾಕಿಸಿ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದೆ. ಸ್ಪೇನಿನ ಆಟಗಾರ್ತಿಗೆ ಟ್ರೀಟ್‌ಮೆಂಟ್ ಕೊಟ್ಟವರು ಎಂದು ಪೇಷಂಟುಗಳು ಪೇಷಂಟುಗಳನ್ನು ಕರೆತಂದರು. ಆಮೇಲೆ ಅವಳಿಗೇನಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಅವ್ವನ ಹತ್ತಿರ ಒಮ್ಮೆ ಬಾಯಿಬಿಟ್ಟಿದ್ದೆ. "ನೀ ಬ್ಯಾಡ ಅಂದಿದ್ರೂ ಆಕಿ ಆಡೇ ಆಡತಿದ್ಲು, ತಗೀ" ಎಂದಿದ್ದಳು. ಆ ಮಾತನ್ನು ನೆಚ್ಚಿಕೊಂಡು ಇಷ್ಟು ವರ್ಷ ಕಳೆದೆ. ಅವ್ವನೂ ಹೋಗಿಯಾಯಿತು.

ಹೋದ ವಾರ ಆ ಅಂಟಿನ ವಾಸನೆಗೆ ನನಗೇನಾಯಿತೋ, ಹಳೆಯ ವಿಳಾಸಕ್ಕೇ ಬರೆದೆ. "ಮೂಳೆ ಮುರಿದಿರಬಹುದು ಎಂದು ನನಗೆ ಆ ದಿನವೇ ಅನಿಸಿತ್ತು. ಹೇಳಲಿಲ್ಲ. ಹೇಳಿದ್ದರೆ ನೀವು ಆಡುತ್ತಿದ್ದಿರಾ?" ನಿಜ ಹೇಳಬೇಕೆಂದರೆ, ಆಡುತ್ತಿದ್ದೆ ಎಂಬ ಉತ್ತರ ಬೇಕಾಗಿಯೇ ಕೇಳಿದ್ದೆ.

ಇವತ್ತು ಬೆಳಿಗ್ಗೆ ಉತ್ತರ ಬಂತು.

"ಇಲ್ಲ, ಆಡುತ್ತಿರಲಿಲ್ಲ. ಟೂರ್ನಮೆಂಟಿನವರು ಬೇಡ ಅಂದಿದ್ದರೆ ಜಗಳವಾಡುತ್ತಿದ್ದೆ. ನಿಮಗೆ ನನ್ನಿಂದ ಏನೂ ಆಗಬೇಕಿರಲಿಲ್ಲ. ಅದಕ್ಕೇ ನಿಮ್ಮ ಮಾತನ್ನು ನಂಬಿದೆ. ಈಗ ನನ್ನ ಊರಿನ ಮಕ್ಕಳಿಗೆ ಆಟ ಕಲಿಸುತ್ತೇನೆ. ಕೋಪವೇನಿಲ್ಲ. ನೀವು ಕೇಳಿದಿರಿ, ಹೇಳಿದೆ."

ಎರಡು ಸಲ ಓದಿದೆ. ಅಷ್ಟರಲ್ಲಿ ಮೊದಲ ಪೇಷಂಟು ಒಳಗೆ ಬಂದರು. ವಿಜಯಪುರದ ಕಡೆಯ ಕಾಕಾ, ಮೊಣಕಾಲು ನೋವು. ಮಗಳ ಹೊಸ ಮನೆ ಲಿಫ್ಟಿಲ್ಲದ ಬಿಲ್ಡಿಂಗಿನಲ್ಲಿ ನಾಲ್ಕನೆಯ ಮಾಳಿಗೆ.

"ಡಾಕ್ಟರ್ ಬಾಯಿ, ಬರೋ ಐತವಾರ ಮಗಳ ಮನಿ ಶಾಂತಿ ಐತ್ರಿ. ಒಂದ್ ದಿವ್ಸ ಹತ್ತಿದ್ರ ನಡೀತದಲ್ರೀ?"

ಮೊಣಕಾಲು ಹಿಡಿದು ನೋಡಿದೆ. ಬಾವು ಇಳಿದಿರಲಿಲ್ಲ.

"ಇಲ್ಲ ಕಾಕಾ, ಹತ್ತಬ್ಯಾಡ್ರಿ. ಮತ್ತ, ನಾ ಡಾಕ್ಟರ್ ಅಲ್ರಿ. ಮೂಳಿ ಡಾಕ್ಟರಿಗೆ ಒಮ್ಮೆ ತೋರಸ್ರಿ."

ಕಾಕಾನ ಮುಖ ಸಣ್ಣದಾಯಿತು. ಅದನ್ನು ಅರಳಿಸುವ ಮಾತೊಂದು ನಾಲಗೆಯವರೆಗೆ ಬಂದಿತ್ತು. ನುಂಗಿಕೊಂಡು, ಅವರು ಎದ್ದು ನಿಲ್ಲುವವರೆಗೆ ಕೈ ಹಿಡಿದುಕೊಂಡೆ.