ಅತ್ತೆಗೆ ಹೇಳದೆ ಮಾಡಿದ ಫೋನ್

ಟೆಕ್ಸಸ್‌ನ ಲಿಯಾಂಡರ್ ಊರಿನಾಚೆಗಿನ ನಮ್ಮ ದನದ ರ‍್ಯಾಂಚ್‌ನಲ್ಲಿ ಏನೇ ತೀರ್ಮಾನವಾದರೂ ಭಾನುವಾರ ಅಡುಗೆಮನೆಯ ಮೇಜಿನ ಸುತ್ತ ಕೂತೇ ಆಗಬೇಕಿತ್ತು. ಅದು ಅತ್ತೆಯ ಕಟ್ಟುನಿಟ್ಟು. ನನ್ನ ಗಂಡನ ಮನೆಯವರು ಅಮೆರಿಕದ ಮೂಲನಿವಾಸಿಗಳು. ಮೂರು ತಲೆಮಾರಿನಿಂದ ದನ ಸಾಕಿ ಹೆಸರು ಮಾಡಿದವರು. ಅವರ ಕಡಸುಗಳನ್ನು ಸುತ್ತಲಿನವರು ಕಣ್ಣುಮುಚ್ಚಿ ಖರೀದಿಸುತ್ತಿದ್ದರು. ಹೆಬ್ಬಾಳದಲ್ಲಿ ಪಶುವೈದ್ಯ ಓದಿ, ಹೆಚ್ಚಿನ ಓದಿಗೆ ಟೆಕ್ಸಸ್‌ಗೆ ಬಂದಿದ್ದ ನಾನು, ಸಹಪಾಠಿಯನ್ನು ಮದುವೆಯಾಗಿ ಆ ಮನೆ ಸೇರಿದೆ.

ತೊಂಬತ್ತರ ದಶಕದ ಕೊನೆಯ ಒಂದು ಸೆಪ್ಟೆಂಬರ್‌ನಲ್ಲಿ, ಒಂದೇ ವಾರದಲ್ಲಿ ಮೂರು ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ರಕ್ತ ತೆಗೆದು, ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್‌ನಲ್ಲಿ ಪರೀಕ್ಷಿಸಿದೆ. ಕಂದು ರೋಗ, ಅಂದರೆ ಬ್ರೂಸೆಲ್ಲಾ. ಹಸುವಿನಿಂದ ಹಸುವಿಗೆ ಹರಡುತ್ತದೆ, ಮನುಷ್ಯರಿಗೂ ಜ್ವರ ತರುತ್ತದೆ. ಸರ್ಕಾರಕ್ಕೆ ತಿಳಿಸಲೇಬೇಕು.

"ಮುಂದಿನ ತಿಂಗಳು ಕಡಸು ಮಾರಾಟ ಇದೆ. ಅದು ಮುಗಿಯೋವರೆಗೆ ಸುಮ್ನಿರು," ಎಂದರು ಅತ್ತೆ. ಅವರ ಇಂಗ್ಲಿಷ್ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ.

"ಆ ಕಡಸುಗಳಿಂದ ಬೇರೆಯವರ ದನಕ್ಕೂ ಬರತ್ತೆ, ಅಮ್ಮ."

"ಭಾನುವಾರ ಕೂತು ಮಾತಾಡೋಣ."

ನಾನು ಕಾಯಲಿಲ್ಲ. ಎಲ್ಲರೂ ಕೂತರೆ ನನ್ನ ಮಾತು ನಡೆಯುವುದಿಲ್ಲವೆಂಬ ಭಯ. ಮಾರನೆಯ ಬೆಳಗ್ಗೆ ಕ್ಲಿನಿಕ್‌ನಿಂದ ಸರ್ಕಾರದ ಪಶು ಇಲಾಖೆಗೆ ಫೋನ್ ಮಾಡಿದೆ. ಗಂಡನಿಗೂ ಹೇಳಲಿಲ್ಲ.

ಶುಕ್ರವಾರ ಸರ್ಕಾರಿ ಗಾಡಿ ಬಂದಾಗ ಅತ್ತೆ ಹುಲ್ಲು ಇಳಿಸುತ್ತಿದ್ದರು. ಅಧಿಕಾರಿ ನನ್ನ ಕಡೆ ತಿರುಗಿ, "ಫೋನ್ ಮಾಡಿದ್ದು ನೀವೇ ಅಲ್ವಾ, ಡಾಕ್ಟರ್?" ಎಂದ.

ಅತ್ತೆ ಕೈಗವಸು ಕಳಚಿದರು. "ನಮ್ಮಜ್ಜನ ಕಾಲದಿಂದ ಸರ್ಕಾರದವರು ಬಂದಾಗೆಲ್ಲ ಏನಾದ್ರೂ ತಗೊಂಡೇ ಹೋಗಿದಾರೆ. ಮನೆಯವರೇ ಕರೆಸಿದ್ದು ಮಾತ್ರ ಇದೇ ಮೊದಲು."

ಪರೀಕ್ಷೆಯಲ್ಲಿ ರೋಗ ಕಂಡ ಹತ್ತೊಂಬತ್ತು ಹಸುಗಳು ಕಸಾಯಿಖಾನೆಗೆ ಹೋದವು. ಅದರಲ್ಲೊಂದು, ತಾಯಿ ಸತ್ತ ಕರುವಾಗಿದ್ದಾಗ ಅತ್ತೆಯೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಅದು ಟ್ರೈಲರ್ ಹತ್ತದೆ ನಿಂತುಬಿಟ್ಟಿತು. ಅವರು ಕತ್ತು ಸವರಿ ಸವರಿ ಹತ್ತಿಸಿದರು. ನಾನು ನೆರವಿಗೆ ಹೋದರೆ ಕೈ ಅಡ್ಡ ಹಿಡಿದರು.

ಆ ವರ್ಷ ಮಾರಾಟ ನಡೆಯಲಿಲ್ಲ. ಭಾನುವಾರಗಳಲ್ಲಿ ಮೇಜಿನ ಮೇಲೆ ನನ್ನ ತಟ್ಟೆ ಇರುತ್ತಿತ್ತು. ಆದರೆ ಯಾರೂ ನನ್ನ ಅಭಿಪ್ರಾಯ ಕೇಳುತ್ತಿರಲಿಲ್ಲ. ಗಂಡ ಒಂದೇ ಮಾತಂದ: "ನೀನು ಮಾಡಿದ್ದು ಸರಿ. ಆದ್ರೆ ನನಗಾದ್ರೂ ಹೇಳ್ಬೇಕಿತ್ತು."

ಎರಡು ವರ್ಷದ ನಂತರ ನಮ್ಮ ಮಂದೆಗೆ ರೋಗವಿಲ್ಲವೆಂದು ಕಾಗದ ಬಂತು. ಹಳೆಯ ಗಿರಾಕಿಗಳು, ಒಂದಿಬ್ಬರನ್ನು ಬಿಟ್ಟು, ಮರಳಿ ಬಂದರು. ಮಾರಾಟದ ದಿನ ಅತ್ತೆ ಅವರಿಗೆ ನನ್ನನ್ನು ತೋರಿಸಿ, "ನಮ್ಮ ಡಾಕ್ಟರ್. ಏನೂ ಮುಚ್ಚಿಡಲ್ಲ," ಎಂದರು.

ಆ ಸಂಜೆ ನಾನು ಅವರ ಕ್ಷಮೆ ಕೇಳಿದೆ. "ಫೋನ್ ಮಾಡಿದ್ದಕ್ಕಲ್ಲ ಅಮ್ಮ, ಹೇಳದೆ ಮಾಡಿದ್ದಕ್ಕೆ."

"ಗೊತ್ತು," ಎಂದರು, ಪಾತ್ರೆ ಒರೆಸುತ್ತಾ. ಒರೆಸಿದ್ದನ್ನು ಎತ್ತಿಡಲು ನನ್ನ ಕೈಗೆ ಕೊಟ್ಟರು.