ಕಿಟಕಿಯ ಪಕ್ಕದ ನಿಯಾನ್

ಕಿಟಕಿ ಪಕ್ಕದ ಸೀಟಿನ ವಿಷಯದಲ್ಲಿ ನಾನು ಅಷ್ಟೇನೂ ಒಳ್ಳೆಯ ಮನುಷ್ಯನಲ್ಲ. ಮಾರಿಕುಪ್ಪಂನಲ್ಲಿ ರೈಲು ಖಾಲಿ ನಿಂತಿರುವಾಗಲೇ ಹತ್ತಿ, ಆ ಮೂಲೆ ಹಿಡಿದು ಪೇಪರು ಬಿಡಿಸಿದೆನೆಂದರೆ ಬೆಂಗಳೂರಿನವರೆಗೆ ನಾನುಂಟು, ನನ್ನ ಸೀಟುಂಟು. ರಸಾಯನಶಾಸ್ತ್ರ ಓದಿ ಗುಮಾಸ್ತನಾದವನಿಗೆ ಇಷ್ಟು ಬಿಂಕವಾದರೂ ಬೇಡವೇ?

ಆ ಬಿಂಕಕ್ಕೆ ಕಲ್ಲು ಹಾಕಿದವಳು ಸೆಲ್ವಿ. ಮುಂದಿನ ಸ್ಟೇಷನ್ ಚಾಂಪಿಯನ್‌ನಲ್ಲಿ ಹತ್ತಿ ಮಾಲೂರಿನ ಕಾರ್ಖಾನೆಗೆ ಹೋಗುವವಳು. ಹತ್ತನೇ ತರಗತಿ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ವರ್ಷದ ಕೊನೆಗೆ ಮನೆ. ಉಳಿದದ್ದು ವಿಜ್ಞಾನ ಒಂದೇ. ಅದರಲ್ಲಿ ಎರಡು ಸಲ ಬಿದ್ದಿದ್ದಳು. ನನ್ನ ಓದಿನ ಸುದ್ದಿ ಯಾರು ಹೇಳಿದರೋ, ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಎದುರಿಗೇ ಬಂದು ಕೂತಳು.

"ಅಣ್ಣಾ, ಈ ಸೋಡಿಯಂಗೆ ಏನ್ ರೋಗ ಬಂದೈತೆ? ಇರೋ ಒಂದ್ ಎಲೆಕ್ಟ್ರಾನ್ನೂ ಕ್ಲೋರಿನ್‌ಗೆ ಯಾಕ್ ಕೊಟ್‌ಬುಡ್ತದೆ?"

ಹೊರಸುತ್ತಿನಲ್ಲಿ ಎಂಟು ಎಲೆಕ್ಟ್ರಾನಾದರೆ ಇವಕ್ಕೆಲ್ಲ ನೆಮ್ಮದಿ, ಎಂದೆ. ನಿಯಾನ್‌ಗೆ ಮೊದಲಿನಿಂದಲೇ ಎಂಟಿದೆ, ಅದಕ್ಕೆ ಯಾರ ಹಂಗೂ ಇಲ್ಲ. ಸೋಡಿಯಂಗೆ ಒಂದು ಹೆಚ್ಚು, ಕ್ಲೋರಿನ್‌ಗೆ ಒಂದು ಕಡಿಮೆ. ಕೊಟ್ಟದ್ದು ಧನ, ತೆಗೆದುಕೊಂಡದ್ದು ಋಣ. ಆ ಸೆಳೆತಕ್ಕೆ ಎರಡೂ ಅಂಟಿಕೊಂಡು ಉಪ್ಪಾಗುತ್ತವೆ. ಮುಟ್ಟಿದರೆ ಸುಡುವುದೊಂದು, ಮೂಸಿದರೆ ಕೊಲ್ಲುವುದೊಂದು. ಕೂಡಿದ ಮೇಲೆ ಸಾರಿಗೆ ರುಚಿ.

ಇದು ತಲೆಗೆ ಹೋಯಿತು. ಹೋಗದೆ ಉಳಿದದ್ದು ಹಂಚಿಕೊಳ್ಳುವ ಬಂಧ. ನೀರಿನಲ್ಲಿ ಒಂದೇ ಜೋಡಿ ಎಲೆಕ್ಟ್ರಾನು ಆಮ್ಲಜನಕದ್ದೂ ಹೌದು, ಜಲಜನಕದ್ದೂ ಹೌದು ಎಂದರೆ, "ಒಂದೇ ಸಾಮಾನು ಇಬ್ರುದೂ ಎಂಗಾಯ್ತದಣ್ಣಾ?" ಎನ್ನುವಳು. ವಾರವಿಡೀ ವ್ಯಾಖ್ಯೆ ಒಪ್ಪಿಸಿದೆ. ಅವಳಿಗದು ಬಾಯಿಪಾಠವಾಯಿತು, ಅಷ್ಟೇ. ಪರೀಕ್ಷೆ ಹತ್ತಿರ ಬಂದಿತ್ತು.

ಗಂಟು ಬಿಡಿಸಿದವರು ಹೂವಿನ ವೆಂಕಟಮ್ಮ. ಬಂಗಾರಪೇಟೆಯಲ್ಲಿ ಬುಟ್ಟಿ ಸಮೇತ ಹತ್ತಿ, "ಲೇ ಸೆಲ್ವಿ, ಜರುಗೇ" ಎಂದು ಅವಳ ಸೀಟಿನಲ್ಲೇ ಅರ್ಧ ಕೂತರು. ನಮ್ಮ ರೈಲಿನಲ್ಲಿ ಇದು ರೂಢಿ. ಕೇಳುವ ಮಾತಿಲ್ಲ, ಬೇಡವೆನ್ನುವ ಮಾತೂ ಇಲ್ಲ. ಕೂತವರೇ ಮಗನಿಗೆ ಫೋನು ಮಾಡಿದರು: "ಸೀಟ್ ಸಿಕ್ತು ಕಣ್ಲಾ." ಅದೇ ಸೀಟು ಸಿಕ್ಕ ಸುದ್ದಿಯನ್ನು ಸೆಲ್ವಿ ಚಾಂಪಿಯನ್‌ನಲ್ಲೇ ತಾಯಿಗೆ ಮುಟ್ಟಿಸಿದ್ದಳು. ಈಗ ಪುಸ್ತಕ ನೋಡಿದಳು, ವೆಂಕಟಮ್ಮನನ್ನು ನೋಡಿದಳು.

"ಅಣ್ಣಾ! ಒಂದೇ ಸೀಟು, ಇಬ್ರೂ ಸಿಕ್ತು ಅಂದ್ವಿ. ಇಬ್ರೂ ಸುಳ್ಳೇಳ್ಲಿಲ್ಲ!"

"ಏನೇ ಅದು? ನನ್ ಮೇಲೂ ಪಾಠ ಐತಾ ನಿನ್ ಬುಕ್ಕಲ್ಲಿ?" ಎಂದರು ವೆಂಕಟಮ್ಮ.

ಚಿನ್ನದ ಗಣಿಯ ಊರಿನವನಾಗಿ ನಾನು ಯಾವತ್ತೂ ಚಿನ್ನದ ಪಕ್ಷ. ಯಾರ ಜೊತೆಗೂ ಸುಲಭಕ್ಕೆ ಸೇರುವುದಿಲ್ಲ, ಅದಕ್ಕೇ ತುಕ್ಕಿಲ್ಲ ಎಂದು ಹೊಗಳುತ್ತಿದ್ದೆ. ಅವತ್ತು ಹೊಳೆಯಿತು: ಆ ಚಿನ್ನ ಅಗೆದು ಮೇಲೆ ಬಂದ ನಮ್ಮ ತಾತ ಕೇಳುತ್ತಿದ್ದದ್ದು ಒಂದು ಚೊಂಬು ನೀರು, ಮುದ್ದೆಯ ಸಾರಿಗೆ ಒಂದು ಚಿಟಿಕೆ ಉಪ್ಪು. ಎರಡೂ ಕೂಡಿಕೊಂಡು ಬದುಕಿದವು.

ಫಲಿತಾಂಶ ಬಂದ ಮರುದಿನ ಸೆಲ್ವಿ ಬಾಗಿಲಿನಿಂದಲೇ ಕೂಗಿದಳು: "ಪಾಸು ಅಣ್ಣಾ! ನಿಯಾನ್ ಯಾಕೆ ಯಾರ್ ಜೊತೇನೂ ಸೇರಲ್ಲ ಅಂತ ಕೇಳಿದ್ರು. ಓದಿದ್ದು ಮರ್ತೋಗಿತ್ತು. ನಿಮ್ಮುನ್ನ ನೆನಸ್ಕೊಂಡು ಬರದ್‌ಬುಟ್ಟೆ!"

ಬೋಗಿಯೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಬಂಗಾರಪೇಟೆಯಲ್ಲಿ ವೆಂಕಟಮ್ಮ ಹತ್ತಿದಾಗ ಪೇಪರು ಮಡಚಿ, ಕಿಟಕಿಯ ಮೂಲೆ ಅವರಿಗೆ ಬಿಟ್ಟು ಜರುಗಿದೆ. ಅರ್ಧ ತೊಡೆ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ, ಮಡಿಲಲ್ಲಿ ಕನಕಾಂಬರದ ಬುಟ್ಟಿ. ಮನೆಗೆ ಫೋನು ಮಾಡಿ, "ಸೀಟು ಸಿಕ್ತು ಕಣೇ" ಎಂದೆ.

"ದಿನಾ ಸಿಗುತ್ತಲ್ಲ ನಿಮಗೆ?" ಎಂದಳು ಹೆಂಡತಿ.

"ಇಲ್ಲ, ಇವತ್ತೇ ಸಿಕ್ಕಿದ್ದು," ಎಂದೆ.