ಜಿರಲೆ ಹೊಡೆಯಲು ಬಂದ ಬೀಗರು

ಗೆಳೆಯರೇ, ಇವತ್ತು ಚಿಕ್ಕೋಡಿಯ ನಮ್ಮ ಮನೆಗೆ ಜಿರಲೆ ಹೊಡೆಯುವವನು ಬಂದ, ಹೊಟ್ಟೆ ತುಂಬ ಉಂಡು ಹೋದ. ಜಿರಲೆಗಳು ಆರಾಮಾಗಿವೆ.

ನಾನು ಫೋನಿನಲ್ಲಿ ಹುಡುಕಿ, ಎಲ್ಲರೂ ಹೊಗಳಿದ ಕಂಪನಿಯನ್ನೇ ಆರಿಸಿದ್ದೆ. ಅವ್ವನಿಗೆ ಅದು ಸಾಲಲಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ಗುರ್ತಿಲ್ಲದವರನ್ನ ಅಡಗಿಮನಿಗೆ ಹೆಂಗ ಬಿಡೂದು? ಯಾವೂರಪಾ ನಿಂದು?"

"ಜುಗೂಳರೀ."

"ಜುಗೂಳದಾಗ ಯಾರ ಮನಿ?"

ಅವನು ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿದ್ದೇ ತಡ, ಅವ್ವ ತಲೆಯ ಮೇಲೆ ಸೆರಗು ಹೊದ್ದು ನನ್ನ ಕಡೆ ತಿರುಗಿದಳು. "ಅಯ್ಯ ಶಿವನ! ಇವರು ನಿಮ್ಮಕ್ಕನ ಗಂಡನ ಕಾಕಾನ ಮಗ ಅದಾರೋ! ಬರ್ರಿ, ಒಳಗ ಬರ್ರಿ!"

ಪಂಪು ಮೂಲೆ ಸೇರಿತು. ಚಹಾ ಬಂತು, ಶಿರಾ ಬಂತು, ಆಮೇಲೆ ಊಟವೂ ಬಂತು.

"ಅತ್ಯಾರ, ಔಷಧ ಹೊಡೀತೇನ್ರಿ" ಎಂದು ಅವನು ಎದ್ದ.

"ಬೀಗರ ಕೈಲೆ ಜಿರಳಿ ಹೊಡಿಸಿದ್ರ ಮಂದಿ ಏನಂದಾರು? ಸುಮ್ನ ಕುಂದರ್ರಿ!"

ಕೊನೆಗೆ ಕುಂಕುಮ ಹಚ್ಚಿ, ಟವೆಲ್ಲು, ಟೊಪ್ಪಿಗೆ ಕೊಟ್ಟು ಕಳಿಸಿದಳು.

ನಾವು ಹೆಣ್ಣು ಕೊಟ್ಟಿರದ, ತಂದಿರದ ಊರಿನ ಕಂಪನಿ ಯಾವುದಾದರೂ ಇದ್ದರೆ ತಿಳಿಸಿ. ನಂಬಿಕಸ್ಥರಲ್ಲದಿದ್ದರೂ ನಡೆಯುತ್ತದೆ.